ಪರದೆಯ ಮೇಲೆ ಆ ಮಕ್ಕಳು

ಛೀ! ಬೇಡ ಆಲಿಸಕ್ಕ, ನನಗೆ ಚಾ ಇಡಬೇಡಿ. ನಮ್ಮ ಊರವರ ಆ ಸಂಘದ ಹೆಸರು ಎತ್ತಿದ್ರೆ ಸಾಕು, ಗಂಟಲಲ್ಲಿ ಎಂತದೂ ಇಳಿಯುವುದಿಲ್ಲ. ಹೇಸಿಗೆ! ನಿಮಗೆ ಇಲ್ಲಿ ಗಲ್ಫಿನ ಈ ಮೂಲೆಯ ಸಹಮ್‌ನಲ್ಲಿ ಆಸ್ಪತ್ರೆ ಡ್ಯೂಟಿ, ಬರ್ಲಿಕ್ಕೆ ಆಗ್ಲಿಲ್ಲ. ಬಚಾವಾದ್ರಿ. ಖುರುಮ್‌ನ ಆ ಹೋಟೆಲ್ ಹಾಲ್‌ನಲ್ಲಿ ನಾನಿದ್ದೆ. ಕಣ್ಣಾರೆ ನೋಡಿದ್ದೇನೆ.

ನಿಮ್ಮ ತಂಗಿ ಸಿಸ್ಟರ್ ವನೆಸ್ಸಾ ಅಲ್ಲಿ ಆಫ್ರಿಕಾದಲ್ಲಿ, ಆ ಮಲಾವಿಯ ಹಳ್ಳಿಯಲ್ಲಿ, ಮಾವಿನ ಮರದಡಿ ಶಾಲೆ ಶುರು ಮಾಡ್ಲಿಕ್ಕೆ ಎಷ್ಟು ಒದ್ದಾಡಿದ್ರು! ಅಪ್ಪ ಅಮ್ಮ ಇಲ್ಲದ ಮಕ್ಕಳು. ಒಬ್ಬೊಬ್ಬ ಅಜ್ಜಿಯ ಕಾಲು ಹಿಡಿದು ಕರ್ಕೊಂಡು ಬಂದದ್ದು. ಪಾಪ, ಸಂಘದವರು ಸಹಾಯ ಮಾಡ್ತಾರೆ ಅಂತ ನಂಬಿ, ಕಮಿಟಿಯವರು ಮಾತ್ರ ನೋಡ್ಲಿ ಅಂತ ವಿಡಿಯೋ ಕಳಿಸಿದ್ರು. ಇವರು ಎಂತ ಮಾಡಿದ್ರು? ವಾರ್ಷಿಕೋತ್ಸವದಲ್ಲಿ ಹುಲಿವೇಷ ಕುಣಿದಾಯ್ತು, ಲಕ್ಕಿ ಡ್ರಾ ಇನ್ನೂ ಶುರುವಾಗ್ಲಿಲ್ಲ, ಆ ಎಡೆಯಲ್ಲಿ ಹಾಕಿದ್ರು! ಗೋಡೆಯಷ್ಟು ದೊಡ್ಡ ಪರದೆ ತುಂಬ ಮಕ್ಕಳ ಮುಖ. ಕೆಳಗೆ ಇಂಗ್ಲಿಷ್‌ನಲ್ಲಿ ಹೆಸರು... ಯಾರ ಅಮ್ಮ ಏಡ್ಸ್‌ನಲ್ಲಿ ಸತ್ತದ್ದು, ಯಾವ ಯಾವ ಮಗುವಿಗೆ ಆ ಕಾಯಿಲೆ ಉಂಟು... ಎಲ್ಲ! ಜನ ಕೋರಿ ರೊಟ್ಟಿ ತಿನ್ತಾ ಕಣ್ಣು ಒರೆಸಿಕೊಂಡ್ರು. ಒರೆಸಿಕೊಂಡು ಪುನಃ ಬಡಿಸಿಕೊಳ್ಳಲಿಕ್ಕೆ ಹೋದ್ರು.

ಎಂತ, ನಗ್ತೀರಾ?... ನಗು ಅಲ್ವಾ? ಸರಿ, ಸರಿ.

ಎಲ್ಲ ಆ ಅಧ್ಯಕ್ಷ ಕೊಗ್ಗಣ್ಣನ ತಲೆ. "ಮುಖ ಕಾಣದಿದ್ರೆ ಯಾರ ಕರುಳು ಕರಗ್ತದೆ?" ಅಂತಾರೆ. ಕರುಳಂತೆ! ಕರುಳಿದ್ದವರು ಆಡುವ ಮಾತಾ ಇದು? ಮಕ್ಕಳನ್ನು ಎಲ್ಲಿಯೂ ತೋರಿಸ್ಬೇಡಿ ಅಂತ ಸಿಸ್ಟರ್ ಅಷ್ಟು ಹೇಳಿದ್ರು... ನಿಮಗೂ ಹೇಳಿದ್ರಾ? ಹಾಂ, ಹೇಳಿರ್ತಾರೆ. ಸಾಲದ್ದಕ್ಕೆ ಫೇಸ್‌ಬುಕ್‌ಗೆ ಬೇರೆ! ಆ ಹಳ್ಳಿಯವರ ಕೈಯಲ್ಲಿ ಫೋನೇ ಇಲ್ಲ ಅಂತ ಎಣಿಸಿದ್ದು, ಪೆದ್ದುಗಳು! ವಾರ ಕಳೀಲಿಲ್ಲ, ಊರೆಲ್ಲ ನೋಡಿಯಾಯ್ತು. ಈಗ ಬಾವಿಕಟ್ಟೆಯಲ್ಲಿ ಆ ಮಕ್ಕಳ ಹತ್ರ ಯಾರೂ ನಿಲ್ಲುವುದಿಲ್ಲವಂತೆ. ಅಜ್ಜಿಯಂದಿರು ಶಾಲೆಗೆ ಕಳಿಸುವುದೇ ಇಲ್ಲವಂತೆ. ಮರದಡಿ ಸಿಸ್ಟರ್ ಒಬ್ಬರೇ. ಖಲಾಸ್! ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಸುಳ್ಳು. ಮಾಡಿದವರು ಇಲ್ಲಿ ಕೋರಿ ರೊಟ್ಟಿ ಉಂಡ್ರು.

ಇನ್ನು ನಾನು ಆ ಸಂಘದ ಮೆಟ್ಟಿಲು ಹತ್ತುವುದಿಲ್ಲ. ನಿಮ್ಮ ತಂಗಿಗೆ ಹೇಳಿ, ವಾರಿಜಾಕ್ಷಿ ನಿನ್ನ ಕಡೆ ಅಂತ. ಹೇಳ್ತೀರಲ್ಲ?

ಈಗ ಫೋನ್ ಯಾಕೆ? ಎಂತದದು... ಅಯ್ಯೋ, ಆ ವಿಡಿಯೋವನ್ನು ಫೇಸ್‌ಬುಕ್‌ನಿಂದ ತೆಗೆದುಹಾಕಿದ್ದಾರಲ್ಲ! ನಿಮಗೆ ಯಾರು ಕಳಿಸಿದ್ದು? ಬೇಡ ಆಲಿಸಕ್ಕ, ಹಾಕಬೇಡಿ. ಸೌಂಡಾದ್ರೂ ಕಮ್ಮಿ ಮಾಡಿ...

ಹೌದು, ನನ್ನದೇ ಸ್ವರ. ಸಂಘದ ಎಲ್ಲ ಕಾರ್ಯಕ್ರಮಕ್ಕೂ ಮೈಕ್ ಹಿಡಿಯುವುದು ನಾನೇ ಅಲ್ವಾ? ಕೊಗ್ಗಣ್ಣ ಬರೆದು ಕೊಟ್ರು, ನಾನು ಓದಿದೆ. ಬರೀ ಓದಿದ್ದು! "ಈ ಪುಟ್ಟಿಯ ರಕ್ತದಲ್ಲಿಯೂ..." ಹಾಂ, ಅಲ್ಲಿ... ಅಲ್ಲಿ ಸ್ವರ ಸ್ವಲ್ಪ ನಡುಗಿಸಿದ್ದು ನಾನೇ. ನಡುಗಿಸು ಅಂತ ಯಾರೂ ಹೇಳ್ಲಿಲ್ಲ.

ಎಂತಾದ್ರೂ ಹೇಳಿ ಮಾರಾಯ್ರೆ. ಬೈದಾದ್ರೂ ಬಿಡಿ...

ಪುನಃ ಮೊದಲಿಂದ ಯಾಕೆ ಹಾಕ್ತೀರಿ?