ನಿದ್ದೆಯಲ್ಲಿ ಕಡಿದ ಹಲ್ಲು

ಹಲ್ಲಿನ ಡಾಕ್ಟರ ಬಾಗಿಲ ಹೊರಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಸಮವಸ್ತ್ರದ ನರ್ಸೊಬ್ಬಳು ಕೆನ್ನೆ ಹಿಡಿದು ಕೂತಿದ್ದಳು. ಜೊತೆಗೆ ಅವಳ ಅಕ್ಕ.

“ನಿದ್ದೇಲಿ ಕಡಿದು ಕಡಿದು ದವಡೆ ಹಲ್ಲನ್ನೇ ಸೀಳ್ಕೊಂಡಿದೀಯಲ್ಲೇ. ಯಾರ ಮೇಲೆ ಅಷ್ಟೊಂದು ಸಿಟ್ಟು?”

“ಮೂರು ಜನದ ಕೆಲಸ ಒಬ್ಬಳೇ ಮಾಡ್ತಿದೀನಿ ಅಕ್ಕ. ಇನ್ನಿಬ್ಬರನ್ನ ಕೊಡಿ ಅಂದ್ರೆ, ನಮ್ಮ ಆಸ್ಪತ್ರೆ ಮೇಡಂ ಒತ್ತಡ ಕಮ್ಮಿ ಮಾಡೋ ತರಬೇತಿ ಇಟ್ರು. ಅದೂ ನನ್ನ ವಾರದ ರಜಾ ದಿನ.”

“ಹೋದ್ಯಾ?”

“ಹೋದೆ. ಹೇಳ್ಕೊಡೋಕೆ ಬಂದವನು, ಕಣ್ಮುಚ್ಚಿ ಉಸಿರು ಎಳ್ಕೊಳ್ಳಿ ಅಂದ. ನಾನು ಎದ್ದು ಬಂದೆ.”

“ನಿನ್ನ ಗಂಡ ಏನಂದ?”

“ಪೂರ್ತಿ ಕಲಿತು ಬರಬೇಕಿತ್ತು, ಮನೇಲೂ ರೇಗೋದು ತಪ್ತಿತ್ತು ಅಂದ್ರು.”

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ತಂಗಿಗೆ ಫೋನ್ ಬಂತು.

“ಇಲ್ಲ ಮೇಡಂ, ಇವತ್ತು ಎರಡನೇ ಪಾಳಿಗೆ ನಿಲ್ಲಲ್ಲ. ಹಲ್ಲು ನೋವು ಅಂತಲ್ಲ. ನಿಲ್ಲಲ್ಲ, ಅಷ್ಟೇ.”

ಒಳಗಿನಿಂದ ನರ್ಸನ್ನು ಕರೆದರು. ಅಕ್ಕ ಅವಳ ಕೈಚೀಲ ಎತ್ತಿಕೊಂಡು ಹಿಂದೆಯೇ ನಡೆದಳು.