ಬೇಕಂತಲೇ ಬಿಟ್ಟ ತಪ್ಪು

ಹಲೋ... ಯಾರು ಮಾತಾಡ್ತಿರೋದು? ಆಂಟೀನಾ? ನಮಸ್ಕಾರ ಆಂಟಿ. ಸರ್ ಇದಾರಾ? ಆಫೀಸಿನ ಅರ್ಜೆಂಟಮ್ಮ ಅನ್ನಿ, ಗೊತ್ತಾಗತ್ತೆ. ಹಾಂ, ಅವರೇ ಇಟ್ಟ ಹೆಸರು.

...

ಸರ್, ಹೇಗಿದೀರಾ? ರಿಟೈರಾದ ಮೇಲೆ ನೀವೇ ಫೋನ್ ಮಾಡ್ತೀರಿ ಅಂದ್ಕೊಂಡಿದ್ದೆ... ಹೌದು, ನಾನೂ ಮಾಡಿಲ್ಲ.

...

ಕೆಲಸ ಹೋಗಿಲ್ಲ ಸರ್, ನಿಮ್ಮ ಕುರ್ಚೀಲೇ ಕೂತಿದೀನಿ. ಊಟಕ್ಕೆ ಹೋಗುವಾಗ ಹುಡುಗೀರು ನನ್ನ ಕರೆಯಲ್ಲ. ಮೇಡಂ ಅಲ್ವಾ.

...

ಒಂದು ಮಾತು ಹೇಳ್ತೀನಿ, ಬೈಬೇಡಿ. ಆಸ್ಪತ್ರೆಯೊಂದಕ್ಕೆ ಪ್ರೋಗ್ರಾಂ ಬರೆದೆ, ಡಾಕ್ಟರನ್ನ ನೋಡೋಕೆ ಟೈಮ್ ಕೊಡೋದು. ಅದರಲ್ಲಿ ಬೇಕಂತಲೇ ಒಂದು ತಪ್ಪು ಬಿಟ್ಟೆ. ಒಂದೇ ಟೈಮನ್ನ ಇಬ್ಬರಿಗೆ ಕೊಡತ್ತೆ, ಕಣ್ಣಿಗೆ ಹೊಡೆಯೋ ಅಂಥದ್ದು. ಯಾರಾದ್ರೂ ಹಿಡೀತಾರಾ ನೋಡೋಣ ಅಂತ, ಪರೀಕ್ಷೆ ಮಾಡಿ ಅಂದು ನನ್ನ ಕೈಕೆಳಗಿನ ಆರು ಜನಕ್ಕೆ ಕಳಿಸಿದೆ. ಎರಡೇ ನಿಮಿಷ. ಆರೂ ಜನ 'ಚೆನ್ನಾಗಿದೆ ಮೇಡಂ'.

...

ಅಯ್ಯೋ, ಹಾಗೇ ಬಿಡ್ತೀನಾ? ನಾನೇ ತಿದ್ದಿದೆ. ತಿದ್ದಿ, ಒಬ್ಬಳೇ ಕೂತು ಅತ್ತೆ.

...

ಯಾಕೆ ಅಂದ್ರೆ... ನೀವು ಒಂದೊಂದು ಸಾಲಿಗೂ ಕೊಂಕು ತೆಗೀತಿದ್ರಿ. ಒಂದು ಕೆಲಸಾನ ಹನ್ನೊಂದು ಸಲ ವಾಪಸ್ ಕಳಿಸಿದ್ರಿ, ನೆನಪಿದೆಯಾ? ನಿಮಗೆ ಮನಸಲ್ಲೇ ಎಷ್ಟು ಶಾಪ ಹಾಕಿದೀನೋ. ಆದ್ರೆ ನಾನು ಕಲಿತಿದ್ದು ಅಲ್ಲೇ ಸರ್. ಈಗ ಹೊಗಳಿ ಹೊಗಳಿ ಅಟ್ಟಕ್ಕೇರಿಸಿದಾರೆ, ಇಳಿಸೋರು ಯಾರೂ ಇಲ್ಲ. ನಾನು ಬರೆದಿದ್ದನ್ನ ಯಾರೂ ಓದಲ್ಲ. ನೀವೊಂದ್ಸಲ ನೋಡ್ತೀರಾ ಸರ್?

...

ಕಣ್ಣು ಕಾಣದಿದ್ರೆ ಪರವಾಗಿಲ್ಲ, ನಾನು ಓದ್ತೀನಿ. ಕೇಳ್ತೀರಾ? ನಾಳೆ ಆಸ್ಪತ್ರೆಗೆ ಕೊಡ್ಬೇಕು. ಆಡುಮಾತಲ್ಲೇ ಹೇಳ್ತೀನಿ. ಯಾರಾದ್ರೂ ಟೈಮ್ ಕೇಳಿದ್ರೆ, ಖಾಲಿ ಇದೆಯಾ ನೋಡು. ಇದ್ರೆ ಕೊಡು. ಇಲ್ಲಾಂದ್ರೆ ಕಾಯೋರ ಪಟ್ಟಿಗೆ ಸೇರಿಸು. ಟೈಮ್ ತಗೊಂಡೋರು ಬರಲ್ಲ ಅಂದ್ರೆ, ಆ ಟೈಮ್ ಖಾಲಿ ಮಾಡು...

...

ಆಮೇಲೆ? ಆಮೇಲೆ ಏನಿಲ್ಲ ಸರ್, ಆ ಭಾಗ ಅಷ್ಟೇ.

...

ಕಾಯ್ತಿರೋರಿಗೆ... ಜಾಗ ಖಾಲಿಯಾಗಿದೆ ಬನ್ನಿ ಅಂತ ಯಾರು ಹೇಳ್ತಾರೆ...

...

ಯಾರೂ ಹೇಳಲ್ಲ. ಸುಮ್ನೆ ಕಾಯ್ತಾನೇ ಇರ್ತಾರೆ.

...

ಇಲ್ಲ ಸರ್, ಇದು ಬೇಕಂತ ಬಿಟ್ಟಿದ್ದಲ್ಲ. ನಂಗೆ ಗೊತ್ತೇ ಇರಲಿಲ್ಲ. ಆರು ತಿಂಗಳಿಂದ ನೋಡ್ತಿದೀನಿ, ನಂಗೇ ಕಂಡಿಲ್ಲ.

...

ಬೈರಿ. ಹಾಂ, ಬೈರಿ ಸರ್, ಬರ್ಕೋತಿದೀನಿ... ಅಳ್ತಾ ಇಲ್ಲ, ನಗು ಬರ್ತಿದೆ. ಎಷ್ಟು ವರ್ಷ ಆಯ್ತು ಯಾರಾದ್ರೂ ನಂಗೆ ಹೀಗಂದು... ಏನು, ಸರಿಯಾಗಿ ಕೇಳಿಸ್ಲಿಲ್ಲ... ಫೋನ್ ಇಡಬೇಡಿ ಸರ್, ಓದೋಕೆ ಇನ್ನೂ ಇನ್ನೂರು ಸಾಲಿದೆ... ಸರ್? ...ಹಲೋ...