ಬಾಯಿ ಅವಳದು, ದನಿ ನನ್ನದು

ಏಷ್ಯಾದಾಚೆಗೂ ಹೆಸರು ಮಾಡಿದ ನಿರ್ದೇಶಕರೊಬ್ಬರ ಹಳೆಯ ಸಿನಿಮಾಗಳನ್ನೆಲ್ಲ ತೋರಿಸುವ ವಾರ ಅದು. ಮೂರನೆಯ ದಿನ ಮಧ್ಯಾಹ್ನದ ಆಟ ಬಿಡುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಕೊಡೆಯಿಲ್ಲದ ಏಳೆಂಟು ಮಂದಿ ಟಿಕೆಟ್ ಕಿಟಕಿಯ ಪಕ್ಕದ ಬೆಂಚುಗಳಲ್ಲಿ ಕೂತೆವು. ಎದುರು ಗೋಡೆಯಲ್ಲಿ ಆಗಷ್ಟೇ ನೋಡಿದ ಸಿನಿಮಾದ ನಾಯಕಿಯ ದೊಡ್ಡ ಫೋಟೊ.

"ಎಂಥಾ ದನಿ ಕಣೋ ಆಕೇದು!" ಎಂದ ನನ್ನ ಗೆಳೆಯ.

ಮೂಲೆಯಲ್ಲಿದ್ದ ಮುದುಕಿಯೊಬ್ಬರು ನಕ್ಕರು.

"ಬಾಯಿ ಅವಳದು ಮಗಾ, ದನಿ ನಂದು. ನನ್ನ ತಂಗಿ ಅವಳು, ಈಗ ದೆವ್ವ. ಹಲ್ಲು ಕಿಸೀಬೇಡ, ಕೇಳು... ಆಗೆಲ್ಲ ನಾಯಕಿಯರಿಗೆ ದನಿ ಕೊಡೋದೇ ನನ್ನ ಕೆಲಸ. ಕತ್ತಲೆ ಕೋಣೆ, ಒಂದು ಮೈಕು, ತೆರೆ ಮೇಲೆ ತಿರುಗಿ ತಿರುಗಿ ಬರೋ ಒಂದೇ ತುಣುಕು. ತುಟಿಗೆ ಮಾತು ಕೂಡಿಸೋದು ಯಾರಿಗಾದ್ರೂ ಬರುತ್ತೆ, ಉಸಿರು ಕೂಡಿಸೋದು ಕಷ್ಟ. ಮಾತಿಗೆ ಮುಂಚೆ ಆಕೆ ಹೇಗೆ ಎಳೆದಿದ್ದಾಳೋ ಹಾಗೇ ಎಳೀಬೇಕು, ಇಲ್ದಿದ್ರೆ ಗುಟ್ಟು ರಟ್ಟು.

"ತಂಗಿಗೆ ಪಾರ್ಟು ಸಿಕ್ಕಿದಾಗ ಏನಂದ್ಳು ಗೊತ್ತಾ? 'ಅಕ್ಕಾ, ನನ್ನ ದನಿ ಗೊಗ್ಗರು, ಆದ್ರೂ ನಂದೇ ಇರ್ಲಿ. ಬೇರೆಯವರದ್ದು ಹಾಕೋಕೆ ಹೊರಟ್ರೆ ನೀನು ತಡೀಬೇಕು.' ಹೂಂ ಅಂದೆ. ನಿರ್ದೇಶಕರು ಕರೆಸಿದ್ದು ನನ್ನನ್ನೇ... 'ತೆರೆ ಮೇಲೆ ನಿಮ್ಮ ಹೆಸರು ಮೊದಲೇ ಹಾಕ್ತೀನಿ' ಅಂದ್ರು. ನಾಲ್ಕು ದಿನ ಅವಳ ತುಟೀನೇ ನೋಡ್ತಾ ನಿಂತು ಅವಳ ದನಿ ಇದ್ದಲ್ಲೆಲ್ಲ ನಂದು ಕೂರಿಸಿದೆ, ಸಂಜೆ ಮನೆಗೆ ಬಂದು ಅವಳ ಜೊತೆ ಒಂದೇ ತಟ್ಟೇಲಿ ಉಂಡೆ, ತುಟಿ ಪಿಟಕ್ ಅನ್ಲಿಲ್ಲ.

"ಮೊದಲ ಆಟ. ತೆರೆ ಮೇಲೆ ಅವಳು ಬಾಯಿ ತೆಗೆದ್ಲು, ನಾನು ಮಾತಾಡ್ದೆ. ಪಕ್ಕದಲ್ಲಿ ಕೂತಿದ್ದವಳು ತಿರುಗಿ ನೋಡಿದ್ಲು, ಅಷ್ಟೇ... ಸಾಯೋವರೆಗೂ, ಎರಡು ವರ್ಷ, ಯಾರ ಹತ್ರಾನೂ ಒಂದು ಮಾತಿಲ್ಲ. ನನ್ನ ಹೆಸರು? ಇವತ್ತು ನೀವೂ ನೋಡಿದ್ರಲ್ಲ, ಎಲ್ಲಿತ್ತು? ಮೊನ್ನೆ ವೇದಿಕೆ ಮೇಲೆ ಹಾರ ಹಾಕಿಸ್ಕೊಂಡು ಆ ಮಹಾನುಭಾವ ಏನಂದ? 'ಆ ದನಿಗಾಗಿಯೇ ಆಕೆಯನ್ನ ಆರಿಸಿದ್ದು.' ಮಾಡಿದ್ದುಣ್ಣೋ ಮಹರಾಯ!"

"ಇದ್ರಲ್ಲಿ ದೆವ್ವ ಎಲ್ಲಿ ಬಂತು ಅಜ್ಜಿ?" ಎಂದ ಗೆಳೆಯ.

"ಅವಳು ಹೋದ ಎಂಟು ದಿನಕ್ಕೆ ಮತ್ತೆ ಮೈಕಿನ ಮುಂದೆ ನಿಂತೆ. ರೆಕಾರ್ಡಿಂಗಿನವರು 'ಎರಡು ಉಸಿರು ಬರ್ತಿದೆಯಲ್ಲಮ್ಮ, ಒಳಗೆ ಇನ್ಯಾರಿದ್ದಾರೆ?' ಅಂದ್ರು. ಅಲ್ಲಿಗೆ ನನ್ನ ಕೆಲಸ ಮುಗೀತು. ನಾನು ಬಾಯಿ ತೆಗೆಯೋದೇ ತಡ, ಅವಳು ಉಸಿರೆಳೀತಾಳೆ... ಇಷ್ಟು ಹತ್ರ ಕೂತಿದ್ದೀರಿ, ನನ್ನ ಒಂದೊಂದು ಮಾತಿಗೂ ಮುಂಚೆ ಕೇಳಿಸ್ತಲ್ಲ? ಮುದುಕಿಗೆ ಉಬ್ಬಸ ಅಂದ್ಕೊಂಡ್ರಾ?... ನಾನೀಗ ಬಾಯಿ ಮುಚ್ಕೋತೀನಿ. ಕೇಳಿ."